ನೋಂದಣಿ ಬೇಕು, ಆದರೆ ವಿಮಾನಕ್ಕಲ್ಲ, ಹಾರಿಸುವವರಿಗೆ



ಡ್ರೋನ್ ಎಂದ ಕೂಡಲೇ ನೋಂದಣಿ, ದಂಡ, ನಿಷೇಧದ ಮಾತು ಬರುವುದು ಈಗ ಸಹಜವಾಗಿದೆ. ಗಡಿಯಾಚೆಯಿಂದ ಶಸ್ತ್ರಾಸ್ತ್ರ, ಮಾದಕವಸ್ತು ಹೊತ್ತು ಬರುವ ಡ್ರೋನ್‌ಗಳ ಸುದ್ದಿ ಓದುತ್ತಿದ್ದೇವೆ. 2021ರ ಜೂನ್‌ನಲ್ಲಿ ಜಮ್ಮುವಿನ ವಾಯುನೆಲೆಯ ಮೇಲೆ ಡ್ರೋನ್‌ನಿಂದಲೇ ದಾಳಿ ನಡೆಯಿತು. ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಆದರೆ ಡ್ರೋನ್‌ಗೆಂದು ಮಾಡಿದ ನಿಯಮದ ಅಡಿಯಲ್ಲೇ ಹುಡುಗರು ಕೈಯಾರೆ ಕಟ್ಟುವ ಮಾದರಿ ವಿಮಾನಗಳೂ ಸಿಕ್ಕಿಕೊಂಡಿವೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಹಿಂದಿನವಕ್ಕಿಂತ ಎಷ್ಟೋ ವಾಸಿ. 25 ಅರ್ಜಿ ನಮೂನೆಗಳು 5ಕ್ಕೆ ಇಳಿದವು, 72 ಬಗೆಯ ಶುಲ್ಕಗಳು 4ಕ್ಕೆ ಇಳಿದವು. ಕಲಿಕೆ, ಸಂಶೋಧನೆ ಅಥವಾ ಮನರಂಜನೆಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ 25 ಕೆ.ಜಿ.ವರೆಗಿನ ಮಾದರಿ ವಿಮಾನಕ್ಕೆ ವಿನ್ಯಾಸವನ್ನು ಮಾನ್ಯಮಾಡುವ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ. 2 ಕೆ.ಜಿ. ಮೀರದ್ದನ್ನು ದುಡಿಮೆಗಲ್ಲದೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಡ. ಇಷ್ಟೆಲ್ಲ ಸಡಿಲಿಸಿದವರು ನೋಂದಣಿಯನ್ನು ಮಾತ್ರ ಹಾಗೆಯೇ ಬಿಟ್ಟರು. ಪ್ರತಿ ವಿಮಾನಕ್ಕೂ ಡಿ-2 ನಮೂನೆಯಲ್ಲಿ ಅರ್ಜಿ ಹಾಕಿ ಬೇರೆ ಬೇರೆ ಗುರುತಿನ ಸಂಖ್ಯೆ ಪಡೆಯಬೇಕು. ಅದಕ್ಕೆ 100 ರೂಪಾಯಿ ಶುಲ್ಕ. ನಮ್ಮ ತಕರಾರು ಆ ನೂರು ರೂಪಾಯಿಯದ್ದಲ್ಲ. ಆ ಸಂಖ್ಯೆಯನ್ನು ತಯಾರಕರು ಕೊಟ್ಟ ಕ್ರಮಸಂಖ್ಯೆ, ಫ್ಲೈಟ್ ಕಂಟ್ರೋಲರ್‌ನ ಕ್ರಮಸಂಖ್ಯೆ ಮತ್ತು ರಿಮೋಟ್‌ನ ಕ್ರಮಸಂಖ್ಯೆ ಈ ಮೂರಕ್ಕೂ ಗಂಟುಹಾಕಿದ್ದಾರೆ. ತೊಡಕು ಇರುವುದು ಅಲ್ಲಿ.

ಕಾರ್ಖಾನೆಯಿಂದ ಬಂದ ಡ್ರೋನ್‌ಗೆ ಇವೆಲ್ಲ ಇರುತ್ತವೆ. ನಮ್ಮ ವಿಮಾನ ಹುಟ್ಟುವ ಬಗೆಯೇ ಬೇರೆ. ಬೋರ್ಡು ಬರೆಯುವವರ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಹಾಳೆಯನ್ನು ಹುಡುಗರು ಕಟರ್‌ನಿಂದ ಕತ್ತರಿಸಿ ರೆಕ್ಕೆ ಮಾಡುತ್ತಾರೆ. ರೆಕ್ಕೆ ಬಾಗದಿರಲೆಂದು ಒಳಗೆ ಬಿದಿರಿನ ಕಡ್ಡಿ ಸೇರಿಸಿ ಗ್ಲೂ ಗನ್ನಿನಿಂದ ಅಂಟಿಸುತ್ತಾರೆ. ಮೂತಿಗೆ ಒಂದು ಮೋಟಾರ್, ಎಲಿವೇಟರ್‌ಗೂ ರಡ್ಡರ್‌ಗೂ ಒಂದೊಂದು 9 ಗ್ರಾಂ ಸರ್ವೊ. ರಿಸೀವರ್‌ನ ತಂತಿಗಳು ನೇರ ಸರ್ವೊಗಳಿಗೇ ಹೋಗುತ್ತವೆ, ನಡುವೆ ಫ್ಲೈಟ್ ಕಂಟ್ರೋಲರ್ ಎಂಬುದೇ ಇಲ್ಲ. 2200 ಎಂಎಎಚ್‌ನ ಮೂರು ಸೆಲ್ಲಿನ ಲಿಪೊ ಬ್ಯಾಟರಿಯೊಂದೇ ಹತ್ತಿರಹತ್ತಿರ 180 ಗ್ರಾಂ ತೂಗುವುದರಿಂದ 250 ಗ್ರಾಂವರೆಗಿನ ‘ನ್ಯಾನೊ’ ವರ್ಗದ ಮಿತಿ ಎಂದೋ ದಾಟಿರುತ್ತದೆ. ನ್ಯಾನೊಗೆ ಇರುವ ವಿಮೆಯ ವಿನಾಯಿತಿಯೂ ಅಲ್ಲಿಗೆ ಹೋಯಿತು. ಇದರ ತಯಾರಕ ಹತ್ತನೇ ತರಗತಿಯ ವಿದ್ಯಾರ್ಥಿ. ಅವನು ಅರ್ಜಿಯಲ್ಲಿ ಯಾವ ಕ್ರಮಸಂಖ್ಯೆ ತುಂಬಬೇಕು?

ವಿಮಾನ ಒಂದಿನ ಗಾಳಿಗೆ ಸಿಕ್ಕಿ ಮೂತಿ ನೆಲಕ್ಕೆ ಬಡಿದು ಬೀಳುತ್ತದೆ. ಕಲಿಯುವವರ ವಿಮಾನ ಬೀಳದೆ ಇರುವುದಿಲ್ಲ. ಮುರಿದ ಮೈಯನ್ನು ಬಿಸಾಡಿ, ಮೋಟಾರ್, ಸರ್ವೊ, ರಿಸೀವರ್ ಬಿಚ್ಚಿ ಮುಂದಿನ ವಾರ ಹೊಸ ಮೈಗೆ ಕೂರಿಸುತ್ತಾರೆ. ಈಗ ಅದು ಹಳೆಯ ವಿಮಾನವೋ ಹೊಸದೋ? ಹೊಸದಾದರೆ ಮತ್ತೆ ಡಿ-2, ಹಳೆಯದರ ನೋಂದಣಿ ರದ್ದಿಗೆ ಡಿ-3. ಒಂದೇ ರಿಮೋಟ್‌ನ ನೆನಪಿನಲ್ಲಿ ಹತ್ತಾರು ವಿಮಾನಗಳ ಸೆಟ್ಟಿಂಗ್ ಇರುತ್ತದೆ; ಆ ರಿಮೋಟ್ ಕೆಟ್ಟರೆ ಅಷ್ಟೂ ವಿಮಾನಗಳ ದಾಖಲೆ ತಿದ್ದಬೇಕು. ಈ ನಿಯಮವನ್ನು ಅಕ್ಷರಶಃ ಪಾಲಿಸುತ್ತ ಏರೋಮಾಡೆಲಿಂಗ್ ಕಲಿಯಲು ಸಾಧ್ಯವೇ ಇಲ್ಲ ಎಂದು ನಾನು ಖಚಿತವಾಗಿ ಹೇಳಬಲ್ಲೆ. ತಪ್ಪಿದರೆ ಒಂದು ಲಕ್ಷ ರೂಪಾಯಿವರೆಗೆ ದಂಡ.

ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳಿಗೆ ಸಂಶೋಧನೆಯ ಹೆಸರಿನಲ್ಲಿ ವಿನಾಯಿತಿ ಇದೆ ಎಂದು ಯಾರಾದರೂ ಹೇಳಬಹುದು. ಇದೆ ನಿಜ. ಆದರೆ ಹಾರಿಸಲು ಪೂರ್ವಾನುಮತಿ ಬೇಡದ ಹಸಿರು ವಲಯದಲ್ಲಿ, ಅದೂ ಸಂಸ್ಥೆಯ ಆವರಣದೊಳಗೆ ಅಥವಾ ಸಂಸ್ಥೆಯ ಹತೋಟಿಯಲ್ಲಿರುವ ಬಯಲಿನಲ್ಲಿ ಮಾತ್ರ. ನಾಲ್ಕು ಪ್ರೊಪೆಲ್ಲರ್‌ನ ಡ್ರೋನ್ ನಿಂತಲ್ಲೇ ಮೇಲೇರಿ ನಿಂತಲ್ಲೇ ಇಳಿಯುತ್ತದೆ. ವಿಮಾನ ಹಾಗಲ್ಲ. ಅದಕ್ಕೆ ಓಡಲು ಜಾಗ ಬೇಕು, ಅಗಲವಾಗಿ ತಿರುಗಲು ಬಯಲು ಬೇಕು. ನಮ್ಮ ಹೈಸ್ಕೂಲುಗಳ ಆಟದ ಮೈದಾನದ ಸುತ್ತ ಕಾಂಪೌಂಡು, ಅದರಾಚೆಗೆ ಕರೆಂಟಿನ ತಂತಿ, ಮನೆಗಳು. ಹಾಗಾಗಿ ಬೇಸಿಗೆಯಲ್ಲಿ ಬತ್ತಿದ ಕೆರೆಯಂಗಳಕ್ಕೆ ಹೋಗುತ್ತೇವೆ. ಜನರಿಂದ ದೂರವಿರುವ ಆ ಸುರಕ್ಷಿತ ಜಾಗಕ್ಕೆ ಕಾಲಿಟ್ಟ ಕೂಡಲೇ ವಿನಾಯಿತಿ ತಪ್ಪುತ್ತದೆ. ಬೆಂಗಳೂರಿನವರ ಪಾಡು ಇನ್ನೂ ಕಷ್ಟ. ಎಚ್‌ಎಎಲ್, ಜಕ್ಕೂರು, ಯಲಹಂಕ, ದೇವನಹಳ್ಳಿಯ ವಿಮಾನನೆಲೆಗಳ ನಡುವೆ ಹಸಿರು ವಲಯವನ್ನು ಹುಡುಕಿಯೇ ಹೋಗಬೇಕು.

ಇದಕ್ಕೆ ದಾರಿ ಇದೆ, ಬೇರೆಯವರು ನಡೆದು ತೋರಿಸಿದ್ದಾರೆ. ಅಮೆರಿಕದಲ್ಲಿ 2015ರ ಡಿಸೆಂಬರ್‌ನಲ್ಲಿ 250 ಗ್ರಾಂ ಮೀರಿದ ಮಾದರಿ ವಿಮಾನಗಳಿಗೂ ನೋಂದಣಿ ಕಡ್ಡಾಯವಾಯಿತು. ಹವ್ಯಾಸಿಯೊಬ್ಬರು ಕೋರ್ಟಿಗೆ ಹೋಗಿ 2017ರ ಮೇನಲ್ಲಿ ಗೆದ್ದರು. ಅದೇ ವರ್ಷದ ಕೊನೆಗೆ ಅಲ್ಲಿನ ಸಂಸತ್ತು ಕಾನೂನು ತಂದು ನೋಂದಣಿಯನ್ನು ಮತ್ತೆ ಜಾರಿಗೊಳಿಸಿತು. ಆದರೆ ಅಲ್ಲಿ ಹವ್ಯಾಸಿ ಒಮ್ಮೆ 5 ಡಾಲರ್ ಕಟ್ಟಿದರೆ ಮೂರು ವರ್ಷ ಒಂದೇ ಸಂಖ್ಯೆ. ತನ್ನ ಎಲ್ಲ ವಿಮಾನಗಳ ಮೇಲೂ ಅದನ್ನೇ ಬರೆದರೆ ಸಾಕು. ಯುರೋಪಿನಲ್ಲೂ ಸಾಮಾನ್ಯವಾಗಿ ನೋಂದಣಿಯಾಗುವುದು ಹಾರಿಸುವವರು, ಒಂದೊಂದು ಮಾದರಿ ವಿಮಾನವಲ್ಲ. ಬಿದ್ದ ವಿಮಾನ ಯಾರದೆಂದು ಪೊಲೀಸರಿಗೆ ತಿಳಿಯಬೇಕು, ಅಷ್ಟೇ ತಾನೇ? ರೆಕ್ಕೆಯ ಮೇಲಿನ ಆ ಒಂದು ಸಂಖ್ಯೆಯಿಂದಲೇ ವಾರಸುದಾರನ ಹೆಸರು, ವಿಳಾಸ ಸಿಗುತ್ತದೆ. ಈಗಿನ ಪದ್ಧತಿಯಲ್ಲಿ ಬಹಳಷ್ಟು ಮಂದಿ ನೋಂದಣಿಯ ತಂಟೆಗೇ ಹೋಗದೆ ಹಾರಿಸುತ್ತಾರೆ, ಇಲ್ಲವೇ ಹವ್ಯಾಸವನ್ನೇ ಬಿಡುತ್ತಾರೆ. ಎರಡರಿಂದಲೂ ದೇಶದ ಭದ್ರತೆಗೆ ಕಿಂಚಿತ್ತೂ ಲಾಭವಿಲ್ಲ. ಶಸ್ತ್ರಾಸ್ತ್ರ ಕಳಿಸುವವನು ಡಿ-2 ತುಂಬಿ ಕಳಿಸುವುದಿಲ್ಲ.

1940ರಲ್ಲಿ ವಿಮಾನ ಕಾರ್ಖಾನೆ ಕಂಡ, 1951ರಲ್ಲಿ ಎಚ್‌ಟಿ-2 ತರಬೇತಿ ವಿಮಾನವನ್ನು ಹಾರಿಸಿದ ನಾಡು ನಮ್ಮದು. ಎನ್‌ಸಿಸಿಯ ವಾಯು ವಿಭಾಗದಲ್ಲಿ ಏರೋಮಾಡೆಲಿಂಗ್ ಇಂದಿಗೂ ತರಬೇತಿಯ ಭಾಗ. ಆದರೆ ಎನ್‌ಸಿಸಿ ಇಲ್ಲದ ಊರಿನ ಹುಡುಗಿ ಪಿಯುಸಿಯ ಭೌತಶಾಸ್ತ್ರವನ್ನು ತನ್ನದೇ ರೆಕ್ಕೆಯ ಮೇಲೆ ಪರೀಕ್ಷಿಸಲು ಹೊರಟರೆ ಕಾನೂನು ಅವಳ ಬೆನ್ನಿಗೆ ನಿಲ್ಲುವುದಿಲ್ಲ. ನನಗೆ ನೋವಾಗುವುದು ಇದಕ್ಕೇ.

2025ರ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಸಚಿವಾಲಯ ಡ್ರೋನ್ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಅದರಲ್ಲಿ ಜೈಲು ಶಿಕ್ಷೆಯ ಪ್ರಸ್ತಾಪವೂ ಇತ್ತು. ನಮ್ಮ ಬೇಡಿಕೆ ಇಷ್ಟು: ಹವ್ಯಾಸಿಗೆ ಒಂದೇ ನೋಂದಣಿ ಸಂಖ್ಯೆ, ಅದು ಅವನ ಎಲ್ಲ ಮಾದರಿ ವಿಮಾನಗಳಿಗೂ ಅನ್ವಯ, ಕ್ರಮಸಂಖ್ಯೆಯ ಷರತ್ತಿನಿಂದ ಅವಕ್ಕೆ ವಿನಾಯಿತಿ, ಮತ್ತು ಜಿಲ್ಲೆಗೊಂದಾದರೂ ಗುರುತಿಸಿದ ಹಾರಾಟದ ಬಯಲು. ಇಷ್ಟನ್ನು ಕಾನೂನಿನಲ್ಲೇ ಸೇರಿಸುವಂತೆ ರಾಜ್ಯದ ಸಂಸದರು ಒತ್ತಾಯಿಸಬೇಕು. ಬಯಲು ಗುರುತಿಸುವ ಕೆಲಸವನ್ನು ಜಿಲ್ಲಾಡಳಿತಗಳು ಈಗಲೇ ಶುರುಮಾಡಬಹುದು.

ಇತಿ,
ಏರೋಮಾಡೆಲಿಂಗ್ ಹವ್ಯಾಸಿ,
ತುಮಕೂರು