ಕೆಲಸದ ಅರ್ಜಿ ಭಿಕ್ಷಾಪಾತ್ರೆಯೆ?

ಪಾಳಿ ಬಿಟ್ಟ ಮೇಲೆ ನಮ್ಮ ಪಕ್ಷದ ಕಚೇರಿಯ ಮೆಟ್ಟಿಲು ಹತ್ತುವವರಲ್ಲಿ ಸಂಘದ ವಂತಿಗೆ ಕಟ್ಟುವವರಿಗಿಂತ ಅರ್ಜಿ ಬರೆಸಿಕೊಳ್ಳುವವರೇ ಈಚೆಗೆ ಹೆಚ್ಚು. ಮೇಷ್ಟರಿಕೆ ಬಿಟ್ಟರೂ ಬರೆಯುವ ಕೈ ನಮ್ಮನ್ನು ಬಿಟ್ಟಿಲ್ಲ, ಬಂದವರಿಗೆ ಇಲ್ಲವೆನ್ನಲಾರೆವು.

ಮೊನ್ನೆ ಬಂದ ತರುಣನೊಬ್ಬ ಎರಡು ಪುಟದ ಅರ್ಜಿಯನ್ನು ತಾನೇ ಬರೆದು ತಂದಿದ್ದ. ಬದಲಿ ಕಾರ್ಮಿಕನೊಬ್ಬನ ಮಗ. ಬೇರೆ ಊರಿನ ನೂಲಿನ ಗಿರಣಿಯೊಂದರಲ್ಲಿ ಕೆಲಸ ಖಾಲಿಯಿದೆ, ‘ನಿಮ್ಮ ಬಗ್ಗೆ ನೀವೇ ಬರೆದು ಕಳಿಸಿ’ ಎಂದು ಕೇಳಿದ್ದಾರಂತೆ. ಓದಿದೆವು. ತಂದೆಯ ಉಬ್ಬಸ, ತಂಗಿಯ ಮದುವೆ, ಸೋರುವ ಮಾಡು. ನಡುನಡುವೆ ‘ಮಹಾಸ್ವಾಮಿಗಳವರು ಈ ಬಡವನ ಮೇಲೆ ಕೃಪಾದೃಷ್ಟಿ ಬೀರಬೇಕು’ ಎಂಬ ಮೊರೆ ಮೂರು ಸಲ. ಒಂದೂ ಸುಳ್ಳಲ್ಲ, ಆ ಮನೆಯನ್ನು ನಾವು ಬಲ್ಲೆವು.

“ಈಗ ಏನು ಮಾಡ್ಕೊಂಡಿದ್ದೀಯಪ್ಪ?” ಎಂದು ಕೇಳಿದೆವು. ನಾಲ್ಕು ವರ್ಷದಿಂದ ರಿಂಗ್ ಫ್ರೇಮ್ ನೋಡಿಕೊಳ್ಳುತ್ತಿದ್ದಾನಂತೆ. ಅರ್ಜಿಯಲ್ಲಿ ಅದರ ಸುದ್ದಿಯೇ ಇಲ್ಲ!

“ಅದನ್ನೇನು ಬರೆಯೋದು ಮೇಷ್ಟ್ರೇ, ಎಲ್ರೂ ಮಾಡೋ ಕೆಲಸ.”

ಈ ಮಾತಿನಲ್ಲಿ ನಮ್ಮ ತಪ್ಪೂ ಇದೆ. ಶಾಲೆಯಲ್ಲಿ ಪತ್ರಲೇಖನ ಕಲಿಸುವಾಗ ‘ಸವಿನಯ ಪ್ರಾರ್ಥನೆ’, ‘ತಮ್ಮ ವಿಧೇಯ’ ಎಂದು ನಾವೇ ಹಲಗೆಯ ಮೇಲೆ ಬರೆದು ಮಕ್ಕಳಿಂದ ಕಾಪಿ ಮಾಡಿಸಿದ್ದೇವೆ. ನಿನಗೆ ಏನು ಬರುತ್ತದೆ, ಅದನ್ನು ಬರೆ ಎಂದು ಒಬ್ಬ ಹುಡುಗನಿಗೂ ಹೇಳಲಿಲ್ಲ. ತಾಲ್ಲೂಕು ಕಚೇರಿಯ ಮುಂದೆ ಕೂತ ಅರ್ಜಿ ಬರಹಗಾರನಿಂದ ನಾವು ಕಲಿತೆವು, ನಮ್ಮಿಂದ ಮಕ್ಕಳು ಕಲಿತರು. ದರಬಾರುಗಳು ಹೋದವು, ದರಬಾರಿನ ಭಾಷೆ ಮಾತ್ರ ಬಡವನ ಬೆನ್ನು ಬಿಡಲಿಲ್ಲ.

ಐದು ಶತಮಾನಗಳ ಹಿಂದಿನ ಒಂದು ಕೆಲಸದ ಅರ್ಜಿಯ ಸಂಗತಿ ಕೇಳಿ. ಸುಮಾರು 1482ರಲ್ಲಿ ಇಟಲಿಯ ಲಿಯೊನಾರ್ಡೊ ಡ ವಿಂಚಿ, ಆಗ ಮೂವತ್ತರ ಆಸುಪಾಸಿನವನು, ಮಿಲಾನಿನ ಅಧಿಕಾರ ನಡೆಸುತ್ತಿದ್ದ ಲುದೋವಿಕೊ ಸ್ಫೋರ್ಜಾನಿಗೆ ಕೆಲಸ ಕೇಳಿ ಒಂದು ಪತ್ರ ಸಿದ್ಧಪಡಿಸಿದ. ಅದರ ಕರಡು ಇಂದಿಗೂ ಉಳಿದಿದೆ. ಹೊತ್ತೊಯ್ಯಬಲ್ಲ ಹಗುರ ಸೇತುವೆ ಕಟ್ಟಬಲ್ಲೆ, ಕಂದಕದ ನೀರು ಬಸಿಯಬಲ್ಲೆ, ಶಾಂತಿಕಾಲದಲ್ಲಿ ಕಟ್ಟಡ ಕಟ್ಟಿ ನೀರನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಹರಿಸಬಲ್ಲೆ ಎಂದು ತನಗೆ ಬರುವ ಕೆಲಸಗಳನ್ನು ಸಾಲಾಗಿ ಹೇಳಿದ್ದಾನೆ. ಜಗತ್ತೇ ಹೊಗಳುವ ಅವನ ಚಿತ್ರಕಲೆಗೆ ಸಿಕ್ಕಿದ್ದು ಕೊನೆಯ ಜಾಗ. ಏಕೆ? ಆ ಧಣಿಗೆ ಆಗ ಬೇಕಾಗಿದ್ದುದು ಯುದ್ಧದ ಯಂತ್ರ. ಅನುಮಾನವಿದ್ದರೆ ಮಾಡಿ ತೋರಿಸಲು ಸಿದ್ಧ ಎಂದೂ ಸೇರಿಸಿದ. ಮೊದಲಿಗೂ ಕೊನೆಗೂ ಅವನೂ ತಲೆ ಬಾಗಿಸಿದ್ದುಂಟು, ಕಾಲ ಹಾಗಿತ್ತು. ಆದರೆ ನಡುವೆ ಇದ್ದುದು ಕೆಲಸ, ಗೋಳಲ್ಲ.

ನಾವು ಆ ತರುಣನನ್ನು ಕೂರಿಸಿಕೊಂಡು ಹೊಸದಾಗಿ ಬರೆಸಿದೆವು. ‘ನಾಲ್ಕು ವರ್ಷ ರಿಂಗ್ ಫ್ರೇಮ್ ಮೇಲೆ ದುಡಿದಿದ್ದೇನೆ. ಕಡಿದ ಎಳೆ ಜೋಡಿಸುವುದು, ತುಂಬಿದ ಬಾಬಿನ್ ಇಳಿಸುವುದು, ಯಂತ್ರ ಸ್ವಚ್ಛವಾಗಿಡುವುದು ಬಲ್ಲೆ. ಮೂರು ಪಾಳಿಯೂ ರೂಢಿಯಿದೆ. ಹೊಸಬರಿಬ್ಬರಿಗೆ ಕೆಲಸ ಕಲಿಸಿದ್ದೇನೆ. ಬೇಕಾದರೆ ಒಂದು ಪಾಳಿ ಮಾಡಿಸಿ ನೋಡಿ.’ ಅಷ್ಟೇ. ಎರಡು ಪುಟ ಆರು ಸಾಲಿಗೆ ಇಳಿಯಿತು. ಹೊಸಬರಿಗೆ ಕಲಿಸಿದ ಸಂಗತಿಯಂತೂ ಅರ್ಧ ಗಂಟೆ ಕೆದಕಿದ ಮೇಲೆ ಹೊರಬಂತು.

ಅಂಗಡಿಕಾರ ಬಂಧುಗಳ ಮಕ್ಕಳದೂ ಇದೇ ಕಥೆ. ಹತ್ತು ವರ್ಷ ಗಲ್ಲೆಯ ಮೇಲೆ ಕೂತ ಹುಡುಗ ‘ಅನುಭವ ಇಲ್ಲ’ ಎಂದು ಬರೆಯುತ್ತಾನೆ. ಖಿರ್ದಿ ಬರೆದವನು, ಉದ್ರಿ ವಸೂಲು ಮಾಡಿದವನು, 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಅಪ್ಪನಿಗೆ ಬಿಲ್ಲು ಹಾಕಿಕೊಟ್ಟವನು ಅನುಭವವಿಲ್ಲದವನೆ?

ಸರಕಾರಿ ಕೆಲಸಕ್ಕಂತೂ ಬೇಡುವ ಮಾತೇ ಸಲ್ಲದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 16ನೆಯ ವಿಧಿ ಸರಕಾರಿ ನೌಕರಿಯಲ್ಲಿ ಎಲ್ಲರಿಗೂ ಸಮಾನ ಅವಕಾಶ ಕೊಟ್ಟಿದೆ. ಕೃಪೆಯ ಪ್ರಶ್ನೆ ಎಲ್ಲಿಂದ ಬಂತು?

ನಮ್ಮ ಕೆಲವು ಸಂಗಾತಿಗಳು ಇದನ್ನು ಒಪ್ಪುವುದಿಲ್ಲ. ಅರ್ಜಿ ತಿದ್ದುವುದು ಒಬ್ಬೊಬ್ಬನನ್ನೇ ಧಣಿಯ ಬಾಗಿಲಿಗೆ ಕಳಿಸುವ ದಾರಿ, ಕೆಲಸ ಸೃಷ್ಟಿಸುವ ಹೋರಾಟಕ್ಕೆ ಅಡ್ಡಿ ಎನ್ನುತ್ತಾರೆ. ಒಂದು ಹುದ್ದೆಗೆ ನೂರು ಜನ ಬರೆದರೆ ಎಷ್ಟೇ ಚೆನ್ನಾಗಿ ಬರೆದರೂ ತೊಂಬತ್ತೊಂಬತ್ತು ಜನ ಹೊರಗೇ. ಈ ಲೆಕ್ಕ ನಮಗೂ ಗೊತ್ತು. ಆದರೆ ತನ್ನ ದುಡಿಮೆ ಏನೆಂದು ಆರು ಸಾಲಿನಲ್ಲಿ ಹೇಳಲಾರದವನು ನಾಳೆ ಕೂಲಿಯ ಮಾತುಕತೆಯಲ್ಲಿ ಅದಕ್ಕೆ ಬೆಲೆ ಕೇಳುವುದು ಹೇಗೆ?

ಬಗೆಹರಿಯದ ಪ್ರಶ್ನೆ ಇನ್ನೊಂದಿದೆ. ಆ ತರುಣ ಎರಡು ವರ್ಷ ಸಂಘದ ವಂತಿಗೆಯ ಲೆಕ್ಕ ಇಟ್ಟವನು, ಒಂದು ರೂಪಾಯಿ ತಪ್ಪಿಲ್ಲ. “ಅದನ್ನೂ ಬರೆಯಲಾ ಮೇಷ್ಟ್ರೇ?” ಎಂದ. ಸಂಘ ಕಟ್ಟುವುದು ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕು. ಬರೆ ಎನ್ನಬೇಕಾದವರು ನಾವು. ಆದರೆ ಆ ಸಾಲು ಕಂಡೊಡನೆ ಅರ್ಜಿ ಕಸದ ಬುಟ್ಟಿಗೆ ಹೋಗಬಹುದೆಂಬುದೂ ನಮಗೆ ಗೊತ್ತಿತ್ತು, ಉಬ್ಬಸದ ತಂದೆಯ ಮುಖವೂ ಕಣ್ಣ ಮುಂದಿತ್ತು. ನಿನ್ನ ಇಷ್ಟ ಎಂದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಏಳನೆಯ ಸಾಲಾಗಿ ಅದನ್ನೂ ಬರೆದು ಸಹಿ ಹಾಕಿದ. ಉತ್ತರ ಇನ್ನೂ ಬಂದಿಲ್ಲ.