ಅದರಿಂದೇನು ಉಪಯೋಗ?

"ಮೂವತ್ತು ತುಂಬಿದ್ರೂ ನಿಮ್ಮ ಮಗಳು ಇನ್ನೂ ಬೊಂಬೆ ಇಟ್ಕೊಂಡು ಆಡ್ತಾಳಂತಲ್ಲ! ಅದರಿಂದೇನು ಉಪಯೋಗ ಅಕ್ಕಾ?" ಗೌರಿಹಬ್ಬದ ಬಾಗಿನ ಕೊಡಲು ಬಂದ ನನ್ನ ಓರಗಿತ್ತಿ ಕೇಳಿದಳು. ಆಗ ಕಾಫಿ ಕೊಟ್ಟು ಸುಮ್ಮನಾದೆ. ಈಗ ಉತ್ತರ ಬರೆಯುತ್ತಿದ್ದೇನೆ.

ಮಗಳು ಇರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. 1987ರಲ್ಲಿ ಬಂದ 'ವಾರ್‌ಹ್ಯಾಮರ್ 40,000' ಎಂಬ ಆಟದ ಕಂಪನಿಯೂ ಅದೇ ಊರಿನದು. ದೂರದ ಭವಿಷ್ಯದ ಯುದ್ಧವೊಂದನ್ನು ಮೇಜಿನ ಮೇಲೆ ದಾಳ ಹಾಕಿ ಆಡುವ ಆಟ. ಸೈನಿಕರ ಎತ್ತರ ಸುಮಾರು ಮೂರು ಸೆಂಟಿಮೀಟರ್. ಬಿಡಿ ತುಂಡುಗಳನ್ನು ಅಂಟಿಸಿ ಬಣ್ಣ ಬಳಿಯಬೇಕು. ಬಹಳ ಜನ ಅಷ್ಟಕ್ಕೇ ನಿಲ್ಲುತ್ತಾರೆ. ನನ್ನ ಮಗಳು ನಿಲ್ಲುವವಳಲ್ಲ.

ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದಾಗ ಪಕ್ಕದಲ್ಲಿ ಕೂತು ನೋಡಿದೆ. ಸೈನಿಕನ ತಲೆಯನ್ನು ಚಾಕುವಿನಿಂದ ಕತ್ತರಿಸಿ ತೆಗೆದಳು. ಬೆರಳಲ್ಲೇ ತಿರುಗಿಸುವ ಪುಟ್ಟ ಡ್ರಿಲ್ಲಿನಿಂದ ಕುತ್ತಿಗೆಯಲ್ಲಿ ತೂತು ಕೊರೆದು ತಂತಿ ಸಿಕ್ಕಿಸಿದಳು. ಕೈಗವಸು ಹಾಕಿಕೊಂಡು, ಹಳದಿ ಮತ್ತು ನೀಲಿ ಬಣ್ಣದ ಎರಡು ಚೂರು ಪುಟ್ಟಿಯನ್ನು ಚಪಾತಿ ಹಿಟ್ಟಿನ ಹಾಗೆ ನಾದಿದಳು. ಬೆರೆತು ಹಸಿರಾಯಿತು. ಅದರ ಹೆಸರೇ 'ಗ್ರೀನ್ ಸ್ಟಫ್'. ಗಟ್ಟಿಯಾಗುವ ಮೊದಲು, ಒಂದು ಗಂಟೆಯ ಆಸುಪಾಸಿನಲ್ಲಿ, ಕೆಲಸ ಮುಗಿಯಬೇಕು. ಅಂಟದಂತೆ ಕಡ್ಡಿಯನ್ನು ನೀರಿಗದ್ದುತ್ತ ಮೂಗು, ಹುಬ್ಬು, ಗಲ್ಲ ತಿದ್ದಿದಳು. ಕಬ್ಬಿಣದಂಥ ಆ ಕವಚದ ಮೇಲೆ ತುರುಬು ಕಟ್ಟಿದ, ವಯಸ್ಸಾದ ಹೆಂಗಸೊಬ್ಬಳ ಮುಖ ಮೂಡಿತು.

"ಯಾರೇ ಇದು?"

"ನಮ್ಮ ದಂಡಿನ ಸೇನಾಪತಿ. ತುರುಬು ನಿನ್ನದೇ ಅಮ್ಮ."

ನನ್ನ ಗಂಟಲು ಕಟ್ಟಿತು. ಕಾರಣ ಹೇಳಲೇಬೇಕು. ಅವಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಜೇಡಿಮಣ್ಣಿನಲ್ಲಿ ಮಾಡಿಟ್ಟುಕೊಂಡಿದ್ದ ಒಂದು ಡಬ್ಬಿ ಬೊಂಬೆಗಳನ್ನು ತಿಪ್ಪೆಗೆ ಸುರಿದವಳು ನಾನೇ. "ಇದರಿಂದ ಎಷ್ಟು ಮಾರ್ಕ್ಸ್ ಬರುತ್ತೆ?" ಎಂದೂ ಕೇಳಿದ್ದೆ. ಅವಳು ಅಳಲಿಲ್ಲ. ಆಮೇಲೆ ಎಷ್ಟೋ ವರ್ಷ ತಾನು ಮಾಡಿದ್ದೊಂದನ್ನೂ ನನಗೆ ತೋರಿಸಲಿಲ್ಲ.

ಓರಗಿತ್ತಿಯ ಪ್ರಶ್ನೆ ನನ್ನದೇ ಹಳೆಯ ಪ್ರಶ್ನೆ. ಆದ್ದರಿಂದಲೇ ಅದರ ಮೇಲೆ ನನಗಿಷ್ಟು ಸಿಟ್ಟು. ಗಂಡಸು ದಿನವಿಡೀ ಕ್ರಿಕೆಟ್ ನೋಡಿದರೆ ಯಾರೂ ಉಪಯೋಗ ಕೇಳುವುದಿಲ್ಲ. ಹೆಣ್ಣಿನ ಬೆರಳು ಆಡಿದರೆ ಮಾತ್ರ ಲೆಕ್ಕ ಒಪ್ಪಿಸಬೇಕು! ಸ್ವೆಟರ್ ಆದರೆ ಮಗುವಿಗಾಯಿತು, ರಂಗೋಲಿಯಾದರೆ ಮನೆಗೆ ಶೋಭೆ. ತನ್ನ ಖುಷಿಗೆಂದೇ ಮಾಡಿದರೆ ಕಾಲಹರಣ. ಇದು ಯಾವ ನ್ಯಾಯ?

'ಲಿಟಲ್ ವಾರ್ಸ್' ಎಂಬ ಪುಸ್ತಕದಲ್ಲಿ ಬೊಂಬೆ ಸೈನಿಕರ ಆಟಕ್ಕೆ ನಿಯಮ ಬರೆದವರು ಖ್ಯಾತ ಕಾದಂಬರಿಕಾರ ಎಚ್. ಜಿ. ವೆಲ್ಸ್. ಅದು 1913ರಲ್ಲಿ; ಆಗ ಅವರ ವಯಸ್ಸು ನಲವತ್ತೈದು ದಾಟಿತ್ತು. ಅವರೂ ಮುಖಪುಟದಲ್ಲಿ ಹುಡುಗಿಯರಿಗೆ ಜಾಗ ಕೊಟ್ಟದ್ದು ಜಾಣೆಯಾಗಿರಬೇಕೆಂಬ ಷರತ್ತಿನ ಮೇಲೆ. ಹುಡುಗರಿಗೆ ಅಂಥ ಷರತ್ತಿಲ್ಲ! ಮೊನ್ನೆ 2024ರಲ್ಲಿ, ಕಸ್ಟೋಡೀಸ್ ಎಂಬ ಚಕ್ರವರ್ತಿಯ ಕಾವಲುಪಡೆಯಲ್ಲಿ ಹೆಂಗಸರೂ ಇದ್ದಾರೆಂದು ಕಂಪನಿ ಹೇಳಿದಾಗ ಅಭಿಮಾನಿಗಳ ಒಂದು ಗುಂಪು ರಂಪ ಮಾಡಿತು. ಆದರೆ ಚಾಕು, ತಂತಿ, ಚೂರು ಪುಟ್ಟಿ ಕೈಯಲ್ಲಿರುವವಳು ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ. ತನಗೆ ಬೇಕಾದ ಮುಖವನ್ನು ತಾನೇ ಮಾಡಿಕೊಳ್ಳುತ್ತಾಳೆ.

ಯುದ್ಧದ ಆಟ ತಾನೇ ಎನ್ನುವಿರಾ? ಬಂದೂಕು ನನಗೂ ಹಿಡಿಸದು. ಅದನ್ನು ಮಗಳಿಗೆ ಹೇಳಿದ್ದೇನೆ, ನಾವಿಬ್ಬರೂ ಜಗಳವಾಡಿದ್ದೇವೆ. ಆದರೆ ಜಗಳವಾಡುವುದು ಬೇರೆ, ತಿಪ್ಪೆಗೆ ಸುರಿಯುವುದು ಬೇರೆ.

ನಿಮ್ಮ ಮನೆಯಲ್ಲೂ ಒಬ್ಬ ಹುಡುಗಿ ಮೂಲೆಯಲ್ಲಿ ಕೂತು ಏನನ್ನೋ ಕತ್ತರಿಸುತ್ತ, ಅಂಟಿಸುತ್ತ ಇರಬಹುದು. ದಯವಿಟ್ಟು ಉಪಯೋಗ ಕೇಳಬೇಡಿ. ಪಕ್ಕದಲ್ಲಿ ಕೂತು, "ಇದು ಯಾರೇ?" ಎಂದು ಕೇಳಿ.