ವಠಾರದೊಳಗಿನ ಕನಸು

ಕನಸು ಏಕಾಂತದ ಕೂಸು ಎಂದು ಹಿರಿಯರು ಹೇಳುವುದುಂಟು. ಏಕಾಂತವೆಂಬುದು ಎಳ್ಳಷ್ಟೂ ದೊರೆಯದ ಎಡೆಯಲ್ಲಿಯೂ ಅದು ಅಷ್ಟೇ ಉತ್ಕಟವಾಗಿ ಹುಟ್ಟುವುದೆಂಬುದಕ್ಕೆ ನಮ್ಮ ಕನ್ನಡ ಚಿತ್ರವೊಂದು ಸಾಕ್ಷಿಯಾಗಿದೆ.

ಹಿರಿಯರ ಮಾತಿಗೆ ಒಪ್ಪುವ ನಿದರ್ಶನವನ್ನು ಮೊದಲು ನೋಡೋಣ. ಜ್ಯಾಂ-ಪಿಯೇರ್ ಜ್ಯುನೆ 2001ರಲ್ಲಿ ನಿರ್ದೇಶಿಸಿದ ಫ್ರೆಂಚ್ ಚಿತ್ರ 'ಅಮೆಲಿ'ಯ ನಾಯಿಕೆ ಏಕಾಂತದಲ್ಲಿ ಬೆಳೆದವಳು. ವೈದ್ಯನಾದ ತಂದೆ ಎದೆಬಡಿತವನ್ನು ಪರೀಕ್ಷಿಸುವಾಗಲಲ್ಲದೆ ಮಗಳನ್ನು ಮುಟ್ಟಿದವನಲ್ಲ. ಆ ಅಪೂರ್ವ ಸ್ಪರ್ಶಕ್ಕೆ ಹಿಗ್ಗಿ ಓಡಿದ ಅವಳ ಹೃದಯವನ್ನು ರೋಗಗ್ರಸ್ತವೆಂದು ಬಗೆದು, ಶಾಲೆಗೂ ಕಳುಹಿಸದೆ ಮನೆಯಲ್ಲಿಯೇ ಇರಿಸಿದನು. ಒಡನಾಡಿಗಳಿಲ್ಲದ ಆ ಮಗು ಕಲ್ಪನೆಯೊಡನೆ ಆಡಿ ಬೆಳೆದು, ಪ್ಯಾರಿಸ್ಸಿನ ಮೋಂಮಾರ್ತ್ರ್ ಬಡಾವಣೆಯ ಕೆಫೆಯೊಂದರಲ್ಲಿ ಪರಿಚಾರಿಕೆಯಾದ ಮೇಲೆ, ಪರರ ಬಾಳನ್ನು ಗುಪ್ತವಾಗಿ ಹಸನುಗೊಳಿಸಬಲ್ಲಳು. ಒಲಿದವನ ಎದುರಿಗೆ ಮಾತ್ರ ಬಂದು ನಿಲ್ಲಲಾರಳು.

ಫಣಿ ರಾಮಚಂದ್ರರು ತೆಲುಗಿನ ಮಲ್ಲಾದಿ ವೆಂಕಟ ಕೃಷ್ಣಮೂರ್ತಿಯವರ ಕಾದಂಬರಿಯನ್ನು ಆಧರಿಸಿ 1990ರಲ್ಲಿ ತೆರೆಗೆ ತಂದ 'ಗಣೇಶನ ಮದುವೆ'ಯಲ್ಲಿ ಸನ್ನಿವೇಶ ತಿರುವುಮುರುವಾಗಿದೆ. ಮನೆಯೊಡೆಯ ರಮಣಮೂರ್ತಿಯ ವಠಾರದಲ್ಲಿ ಗೋಡೆಗೆ ಗೋಡೆ ಹತ್ತಿದೆ. ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಯ ಮೂಗಿಗೆ, ಒಂದು ಮನೆಯ ಕಲಹ ಎಲ್ಲ ಮನೆಗಳ ಕಿವಿಗೆ. ಅನಂತನಾಗ್ ಅಭಿನಯಿಸಿದ ಗಣೇಶನೆಂಬ ಬಾಡಿಗೆದಾರನಿಗೂ, ವಿನಯಾ ಪ್ರಸಾದರು ಅಭಿನಯಿಸಿದ ಆದಿಲಕ್ಷ್ಮಿಯೆಂಬ ಮನೆಯೊಡೆಯನ ಮಗಳಿಗೂ ಮುಖ ಕಂಡರೆ ಜಗಳ. ಆದರೆ ಅವನು ಕಾಣದಿರುವ ಶ್ರುತಿಯೆಂಬ ಗಾಯಕಿಗೆ ಮನಸೋತು ಪತ್ರ ಬರೆಯುತ್ತಾನೆ; ಶ್ರುತಿಯಾಗಿ ಆ ಪತ್ರಗಳನ್ನು ಓದಿ ಕರಗುವವಳು ಅದೇ ಆದಿಲಕ್ಷ್ಮಿ. ಇಬ್ಬರೂ ಮುಗ್ಧರು. ಪರಸ್ಪರರ ಕೋಪ, ಕಂಠ, ನಡಿಗೆಗಳು ಅಷ್ಟೊಂದು ಪರಿಚಿತವಾಗಿರುವುದರಿಂದಲೇ ಅಪರಿಚಿತ ವ್ಯಕ್ತಿಯೊಂದು ಅವರಿಗೆ ಬೇಕಾಗುತ್ತದೆ.

ಗುಡಗೇರಿಯಂಥ ಎರೆನೆಲದ ಊರಿನವರಿಗೆ ಈ ಹಂಬಲವನ್ನು ವಿವರಿಸಿ ಹೇಳಬೇಕಿಲ್ಲ. ಯಾರು ಕಡಲೆ ಬಿತ್ತಿದರು, ಯಾರ ಮನೆಗೆ ಬೀಗರು ಬಂದರು, ಯಾರು ಹುಬ್ಬಳ್ಳಿಯ ಗಾಡಿ ಹತ್ತಿದರು ಎಂಬುದೆಲ್ಲ ಸಂಜೆಯೊಳಗೆ ಊರಿಗೆ ಊರೇ ಬಲ್ಲದು. ಇಂಥ ಊರಿನ ಹೆಸರನ್ನು ಗುಡಗೇರಿ ಬಸವರಾಜರ ನಾಟಕ ಕಂಪನಿ ಹೊತ್ತು ತಿರುಗಿದ್ದು ನನಗೆ ಸಹಜವಾಗಿಯೇ ತೋರುತ್ತದೆ. ಬಣ್ಣ ಹಚ್ಚಿದವನಿಗೆ ಒಂದು ಇರುಳಿನ ಮಟ್ಟಿಗಾದರೂ ಇಂಥವರ ಮಗನೆಂಬ ಗುರುತಿನಿಂದ ಬಿಡುಗಡೆಯುಂಟಷ್ಟೆ. ಅಂಥ ಬಿಡುಗಡೆಯನ್ನೇ ಆದಿಲಕ್ಷ್ಮಿ ಇನ್ನೊಂದು ಹೆಸರಿನಲ್ಲಿ ಪಡೆದಳು. ಆಕೆಯನ್ನು ಬರಿಯ ಜಗಳಗಂಟಿಯೆಂದು ನಕ್ಕು ಬಿಡುವವರು ಆ ಹಾಡುವ ಹೆಣ್ಣಿಗೆ ಅನ್ಯಾಯ ಮಾಡುತ್ತಾರೆ.

ಮರುವರ್ಷ ಇದೇ ನಿರ್ದೇಶಕ, ಇದೇ ಜೋಡಿ 'ಗೌರಿ ಗಣೇಶ'ವನ್ನು ಕೊಟ್ಟರು. ಅಲ್ಲಿನ ಲಂಬೋದರನು ಮೃತಳಾದ ಹೆಣ್ಣೊಬ್ಬಳ ದಿನಚರಿಯ ಬಲದಿಂದ ಕಥೆ ಕಟ್ಟಿ ಮೂವರಿಂದ ಹಣ ಕೀಳುತ್ತಾನೆ. ಕಥನಕೌಶಲದಲ್ಲಿ ಅದು ಮಿಗಿಲೆಂದು ಹಲವರು ಎಣಿಸಬಹುದು. ನನ್ನ ಮನಸ್ಸಾದರೋ ಮೊದಲನೆಯದರ ಕಡೆಗೇ ವಾಲುತ್ತದೆ: ಅಲ್ಲಿ ಕಲ್ಪನೆ ಯಾರಿಂದಲೂ ಏನನ್ನೂ ಕೀಳಹೊರಡಲಿಲ್ಲ, ಒಂದು ಉತ್ತರವನ್ನಷ್ಟೇ ಬೇಡಿತು.